ನಾಲ್ಕನೆಯ ಕಲ್ಲು

ಭೀಮನಬೀಡು
19-3-1995

ಮಗಳು ನಾಗಮಣಿಗೆ ನಿನ್ನಪ್ಪ ಪುಟ್ಟಮಾದಯ್ಯ ಮಾಡುವ ಆಶೀರ್ವಾದ. ಇಲ್ಲಿ ನಾನು, ನಿಮ್ಮವ್ವ, ಎರಡು ಎಮ್ಮೆ, ಒಂದು ಕರು ಎಲ್ಲರೂ ಕ್ಷೇಮ.

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಉತ್ತರ ತಡವಾಯಿತು, ಮುನಿಸಿಕೊಳ್ಳಬೇಡ. ಹುಣಸೆ ಬಡಿಯುವ ಕೆಲಸವಿತ್ತು ಎಂದರೆ ನೀನು ನಂಬುವವಳಲ್ಲ. ಊರಿಗೆಲ್ಲ ಕಾಗದ ಬರೆದುಕೊಡುವವನಿಗೆ ಸ್ವಂತ ಮಗಳಿಗೆ ಬರೆಯಲು ಬಿಡುವಾಗಲಿಲ್ಲವೆಂದರೆ ಬೇಲಿ ಮೇಲಿನ ಓತಿಕ್ಯಾತವೂ ನಕ್ಕೀತು. ನಾಲ್ಕು ಸಲ ಬರೆಯಲು ಕೂತೆ. ನಾಲ್ಕು ಸಲವೂ 'ಎಲ್ಲರೂ ಕ್ಷೇಮ' ಎಂಬಲ್ಲಿಗೆ ಪೆನ್ನು ನಿಂತಿತು.

ನಿಮ್ಮವ್ವನ ಮಂಡಿನೋವು ಹಾಗೇ ಇದೆ. "ಕಡಲ ನೀರ್ಗ ಕಾಲ್ ಇಟ್ರ ವಾಸಿ ಆಯ್ತದಂತ, ನನ್ನೊಬ್ಬಳ್ನ ಬುಟ್ಟು ನೀವೊಬ್ರೇ ಓಗ್ಬುಟ್ಟು ಬಂದ್ರಿ" ಎಂದು ಹೋದ ವರ್ಷದ ಜಗಳವನ್ನು ಇನ್ನೂ ಆಡುತ್ತಿದ್ದಾಳೆ. ನಿನಗೆ ವಿಷಮಜ್ವರ ಬಂದು ನಾನು ಓಡಿ ಬಂದದ್ದು, ತಿರುಗಾಡಲು ಬಂದದ್ದಲ್ಲ ಎಂದು ಎಷ್ಟು ಹೇಳಿದರೂ ಅಷ್ಟೇ.

ನಿನ್ನ ಕಾಗದವನ್ನು ವಾಡಿಕೆಯಂತೆ ಶಂಕರನ ಟೀ ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಲ್ಲಿ ಕೂರುವವರಿಗೆ ನಿನ್ನ ಮಲೆಯಾಳದ ಸಮುದ್ರದ ಸುದ್ದಿ ಎಂದರೆ ಕಥೆ ಕೇಳಿದ ಹಾಗೆ. ಅಲೆಯಿಂದ ಕರೆಂಟು ಹೇಗೆ ತೆಗೆಯುತ್ತಾರೆ ಎಂದು ನೂರು ಸಲ ಹೇಳಿದ್ದೇನೆ. ನೀರೊಳಗೆ ಮನೆಯಷ್ಟು ದೊಡ್ಡ ಕಾಂಕ್ರೀಟಿನ ಪೆಟ್ಟಿಗೆ ನಿಲ್ಲಿಸಿದ್ದಾರೆ, ತಳ ತೆರೆದಿದೆ. ಅಲೆ ಒಳಗೆ ನುಗ್ಗಿದರೆ ಪೆಟ್ಟಿಗೆಯ ಗಾಳಿ ಮೇಲಿನ ಕಂಡಿಯಿಂದ ಹೊರಗೆ ಬೀಸುತ್ತದೆ, ಅಲೆ ಇಳಿದರೆ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಕುಲುಮೆಯ ತಿದಿ ಒತ್ತಿದ ಹಾಗೆ. ಕಂಡಿಯಲ್ಲೊಂದು ಚಕ್ರ, ಗಾಳಿ ಹೋದರೂ ಬಂದರೂ ಒಂದೇ ಕಡೆಗೆ ತಿರುಗುತ್ತದೆ. ಇಷ್ಟು ಹೇಳಿ ಆ ಪೆಟ್ಟಿಗೆ ಉಸಿರಾಡುವ ಸದ್ದನ್ನು ಬಾಯಲ್ಲಿ ಮಾಡಿ ತೋರಿಸುತ್ತೇನೆ, ಎಲ್ಲರೂ ನಗುತ್ತಾರೆ. ಅಲ್ಲಿ ಕೇಳಿದಾಗ ನನಗೆ ನಗು ಬಂದಿರಲಿಲ್ಲ ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ. ನರಳುವ ಮುದುಕನ ಪಕ್ಕ ಮಲಗಿದ ಹಾಗಿರುತ್ತಿತ್ತು.

ನಿನ್ನ ಕೆಲಸ ಯಾವುದು ಎಂದು ಕೇಳಿದರು. ಪೆಟ್ಟಿಗೆಯಿಂದ ದಡದವರೆಗೆ ಬಂಡೆಯ ಗೋಡೆ ಹಾಕಿದ್ದಾರೆ, ನೀರಿನೊಳಗೆ ಮರಳು ದಡದುದ್ದಕ್ಕೂ ನಡೆದು ಹೋಗುತ್ತಿರುತ್ತದಂತೆ, ಗೋಡೆ ಅದರ ದಾರಿಗೆ ಅಡ್ಡ ನಿಂತರೆ ತೆಂಕಲ ಬದಿ ಮರಳು ಗುಡ್ಡೆಯಾಗಿ ಬಡಗಲ ಬದಿ ಸವೆಯಬಹುದು, ಸವೆದರೆ ಅಲ್ಲಿನ ಮೀನುಗಾರರ ಮನೆಗಳಿಗೆ ಅಪಾಯ. ಅದಕ್ಕೆ ದಡದಲ್ಲಿ ಆರು ಕಲ್ಲು ನೆಟ್ಟು, ಕಲ್ಲಿನಿಂದ ನೀರಿಗೆ ಎಷ್ಟು ದೂರ ಎಂದು ನನ್ನ ಮಗಳು ಅಳೆದು ಬರೆಯುತ್ತಾಳೆ ಎಂದೆ. ಮರಿಮಲ್ಲಪ್ಪನವರು, "ಪುಟ್ಟಮಾದಯ್ಯ, ನಿನ್ ಮಗಳು ಸಮುದ್ರಕ್ಕೂ ಬಾಂದ್ ಕಲ್ಲು ನೆಟ್ಬುಟ್ಳಲ್ಲಯ್ಯ! ಸಮುದ್ರಕ್ಕ ಪಹಣಿ ಯಾರ್ ಕೊಟ್ಟರು?" ಎಂದರು. ಅಂಗಡಿಯೆಲ್ಲ ನಕ್ಕಿತು. ನನಗೂ ಹೆಮ್ಮೆಯಾಯಿತು. ಎಲ್ಲೆ ಕಾಯುವ ಕುಳವಾಡಿಕೆ ನಮ್ಮ ಮನೆತನದ್ದು. ಮುತ್ತಜ್ಜನಿಂದ ನನ್ನ ತನಕ ಈ ಊರಿನ ಒಂದೊಂದು ಗಡಿಕಲ್ಲೂ ನಮಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯ. ನಾನು ಗ್ರಾಮ ಸಹಾಯಕನಾಗಿ ಸಂಬಳ ತೆಗೆದುಕೊಂಡದ್ದೂ ಆ ಕಲ್ಲುಗಳ ಪುಣ್ಯದಿಂದ. ಮಗಳೂ ಕಲ್ಲಿನ ಕೆಲಸಕ್ಕೇ ಸೇರಿದಳಲ್ಲ ಎಂದುಕೊಂಡೆ.

ಆಮೇಲೆ ಮುಂದಿನ ಸಾಲು ಓದಿದೆ. "ನಾಲ್ಕನೆಯ ಕಲ್ಲು ನಮ್ಮ ವರದಿಗೆ ಬೆನ್ನೆಲುಬು ಅಪ್ಪ. ಮಳೆಗಾಲಕ್ಕೆ ಮುಂಚೆ ಕಲ್ಲಿನಿಂದ ನೀರಿಗೆ ಹದಿನಾರು ಮೀಟರು ಇತ್ತು, ಅಷ್ಟು ದೊಡ್ಡ ಮಳೆಗಾಲ ಕಳೆದ ಮೇಲೂ ಹದಿನಾರೇ ಇದೆ. ಬಡಗಲ ದಡ ಅಲುಗಿಲ್ಲ. ಅದರ ಮೇಲೆ ಗೋಡೆಯನ್ನು ಇನ್ನೂ ಉದ್ದ ಮಾಡಿ ಎರಡನೇ ಪೆಟ್ಟಿಗೆ ಕೂರಿಸಲು ಒಪ್ಪಿಗೆ ಸಿಗುತ್ತದೆ. ನನ್ನ ಕೆಲಸವೂ ಕಾಯಂ ಆಗುತ್ತದೆ."

ಅಲ್ಲಿಗೆ ನಿಲ್ಲಿಸಿದೆ. "ಯಾಕ್ಲಾ ನಿಂತ್ಕಬುಟ್ಟೆ, ಮುಂದ್ಕ ಓದು" ಎಂದರು ಮಾದಣ್ಣ. ಕನ್ನಡಕ ಮಸುಕಾಯಿತು ಎಂದು ಎದ್ದು ಬಂದೆ.

ಮುಂದಿನದನ್ನು ಮನೆಯಲ್ಲಿ ಒಬ್ಬನೇ ಓದಿದೆ. ನಾಲ್ಕನೆಯ ಕಲ್ಲಿನ ಎದುರು ಮನೆಯ ಫಿಲೋಮಿನಾ ನಿನ್ನೊಡನೆ ಜಗಳವಾಡಿದಳೆಂದು ಬರೆದಿದ್ದೀಯ. ನಿನಗೆ ಜ್ವರ ಬಂದಾಗ ನಲವತ್ತು ದಿನ ಕಂಜಿ ಕಾಯಿಸಿ ತಂದವಳು ಈಗ ನಿನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ, "ನಮ್ಮ ಅಂಗಳವನ್ನು ಕಡಲು ತಿಂದಿದೆ, ನಿನ್ನ ಪುಸ್ತಕ ಸುಳ್ಳು ಹೇಳುತ್ತದೆ" ಎನ್ನುತ್ತಾಳೆ, ಯಾಕೆ ಎಂದು ಕೇಳಿದರೆ "ನಿನ್ನಪ್ಪನನ್ನು ಕೇಳು" ಎಂದಳು ಎಂದಿದ್ದೀಯ. "ನಿನಗೂ ಇದಕ್ಕೂ ಏನಪ್ಪ ಸಂಬಂಧ, ನನಗಂತೂ ಅಳು ಬಂತು" ಎಂದಿದ್ದೀಯ.

ಅವಳನ್ನು ಬೈಯಬೇಡ ಮಗಾ. ಅವಳ ಮೇಲೆ ಸಿಟ್ಟೂ ಬೇಡ. ವರದಿಗೆ ಸಹಿ ಹಾಕುವ ಮುಂಚೆ ಇನ್ನೊಂದು ಸಲ ಆ ಕಲ್ಲಿನ ಹತ್ತಿರ ಹೋಗಿ ನಿಂತು ನೋಡು. ಪುಸ್ತಕ ಮನೆಯಲ್ಲಿಟ್ಟು ಹೋಗು.

ನಿಮ್ಮವ್ವ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಗಡಿಗೆಗೆ ತುಂಬಿಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ಮಾದಪ್ಪ ನಿನ್ನನ್ನು ಕಾಯಲಿ.

ಇತಿ ನಿನ್ನ ಅಪ್ಪ,
ಪುಟ್ಟಮಾದಯ್ಯ


ಭೀಮನಬೀಡು
23-4-1995

ಮಗಳು ನಾಗಮಣಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾರ್ಡು ಬಂತು. ಕಾರ್ಡಿನಲ್ಲಿ ಎಂಟೇ ಸಾಲಿತ್ತು, ಒಂದೊಂದೂ ಸಿಟ್ಟಿನದು. ಹೆದರಿಸಬೇಡ ಅಪ್ಪ, ನಾನೇ ಹೋಗಿ ಅಳೆದೆ, ಈಗ ಇಪ್ಪತ್ತೆಂಟು ಮೀಟರಿದೆ, ದಡ ಇನ್ನೂ ಬೆಳೆದಿದೆ, ವರದಿಗೆ ಸಹಿ ಹಾಕಿ ಕಳಿಸಿಯಾಯಿತು, ಲಾರಿಗಳು ಬಂಡೆ ತಂದು ಸುರಿಯುತ್ತಿವೆ ಎಂದು ಬರೆದಿದ್ದೀಯ. ಮಳೆಗಾಲದಲ್ಲಿ ಕದ್ದ ಮರಳಿನಲ್ಲಿ ಸ್ವಲ್ಪವನ್ನು ಕಡಲು ಬೇಸಿಗೆಯಲ್ಲಿ ತಿರುಗಿ ತಂದು ಚೆಲ್ಲುತ್ತದೆ, ಅದನ್ನು ನಂಬಬಾರದು ಎಂದು ನನಗೆ ಹೇಳಿಕೊಟ್ಟವಳು ನೀನೇ ಅಲ್ಲವೇ? ಇರಲಿ. ನಿನಗೆ ಪಾಠ ಹೇಳಲು ನನಗೆ ಯಾವ ಬಾಯಿ ಇದೆ.

ಇಲ್ಲಿನ ಸುದ್ದಿ ಕೇಳು. ಮರಿಮಲ್ಲಪ್ಪನವರಿಗೂ ಅವರ ದಾಯಾದಿ ಚಿಕ್ಕಮಲ್ಲಪ್ಪನವರಿಗೂ ತೆರಕಣಾಂಬಿ ದಾರಿಯ ಹೊಲದ ಬದುವಿನ ಮೇಲೆ ಜಗಳ ಹತ್ತಿದೆ. ಟ್ರ್ಯಾಕ್ಟರು ತಾಗಿ ಬಾಂದು ಕಲ್ಲು ಬಿದ್ದುಹೋಯಿತು. "ನಿಮ್ಮಪ್ಪನ್ ಕಾಲದಿಂದ್ಲೂ ಬದ ಕೆತ್ಕಂಡೇ ಬಂದಿದ್ದೀರಿ" ಎಂದು ಇವರು, "ನಿಮ್ಮಜ್ಜ ಕಲ್ನೇ ಹೊತ್ಕಂಡು ಓಡಾಡ್ತಿದ್ನಂತಲ್ಲ" ಎಂದು ಅವರು. ಸರ್ವೆಯವರು ಬರಲು ಮೂರು ತಿಂಗಳು. ಕೊನೆಗೆ ಇಬ್ಬರೂ ನಮ್ಮ ಮನೆ ಮುಂದೆ ಬಂದು, "ನೀ ಬಂದು ತೋರ್ಸ್ಬುಡು ಪುಟ್ಟಮಾದಯ್ಯ. ನೀ ಕೈಯಿಟ್ಟ ಜಾಗವೇ ಜಾಗ, ಎರಡನೇ ಮಾತಿಲ್ಲ" ಎಂದರು. ಅವರ ಅಪ್ಪಂದಿರ ಕಾಲಕ್ಕೆ ನಮ್ಮ ಜಗಲಿಯ ಹತ್ತಿರ ಬರುತ್ತಿರಲಿಲ್ಲ. ಕಲ್ಲು ಬಿದ್ದರೆ ಮಾತ್ರ ಎಲ್ಲರಿಗೂ ನಾವು ಬೇಕು.

ಬಿದ್ದ ಬಾಂದು ಕಲ್ಲನ್ನು ಕಂಡವನು ಹೊತ್ತು ಮುಳುಗುವ ಮುಂಚೆ ಎತ್ತಿ ನಿಲ್ಲಿಸಬೇಕು. ಅದು ನಮ್ಮ ಮನೆತನದ ಕಟ್ಟು. ಮಲಗಿದ ಕಲ್ಲು ಮನೆಗಳನ್ನು ಮಲಗಿಸುತ್ತದೆ ಎನ್ನುತ್ತಿದ್ದರು. ನಿಲ್ಲಿಸಿದವನು ಅದನ್ನು ಹೇಳಿಕೊಂಡು ತಿರುಗಬಾರದು, ಕಲ್ಲು ಬಿದ್ದಿತ್ತಂತೆ ಎಂಬ ಮಾತೇ ಜಗಳಕ್ಕೆ ಬೀಜ. ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನೆಲವೇ ಸಾಕ್ಷಿ. ಹಿಂದಿನವರು ಕಲ್ಲು ನೆಡುವಾಗ ಅಡಿಯಲ್ಲಿ ಒಂದು ಬೊಗಸೆ ಇದ್ದಿಲು ಹಾಕಿರುತ್ತಾರೆ. ಕಟ್ಟಿಗೆ ಕೊಳೆಯುತ್ತದೆ, ಇದ್ದಿಲು ನೂರು ವರ್ಷವಾದರೂ ಕೊಳೆಯದು. ಇದ್ದಿಲೂ ಸಿಗದಿದ್ದರೆ ಆಫೀಸಿನ ಅಳತೆ ಪುಸ್ತಕ ತೆಗೆದು, ಇಂಥ ಕಡೆಯಿಂದ ಇಷ್ಟು ದೂರ ಎಂದು ಬರೆದದ್ದನ್ನು ನೋಡಿ, ಅಷ್ಟು ಅಳೆದು ನೆಡಬೇಕು. ಇದು ನಿನಗೆ ಗೊತ್ತಿಲ್ಲ, ಹೆಣ್ಣುಮಗಳೆಂದು ನಾನು ಹೇಳಿಕೊಡಲೇ ಇಲ್ಲ.

ಹೋದೆ. ಗುದ್ದಲಿ ಹಿಡಿದು ಒಂದು ಮೊಳ ಅಗೆದೆ, ಎರಡು ಮೊಳ ಅಗೆದೆ. ಕರಿ ಮಣ್ಣಿನೊಳಗೆ ಇನ್ನೂ ಕರಿಯಾಗಿ ಇದ್ದಿಲು ಕಂಡಿತು. ನನ್ನಜ್ಜ ಚಿಕ್ಕಯ್ಯ ಹಾಕಿದ್ದಿರಬೇಕು. ಯಾವಾಗಲೂ ಆ ಹೊತ್ತಿಗೆ ನನಗೆ ಒಂದು ಸಂತೋಷವಾಗುತ್ತಿತ್ತು. ಈ ಸಲ ಗುದ್ದಲಿ ಕೆಳಗೆ ಹಾಕಿದೆ. ಬದುವಿನ ಮೇಲೆ ಕುಕ್ಕರಿಸಿಬಿಟ್ಟೆ. "ಯಾಕಯ್ಯ, ಇದ್ಲು ಕಂಡು ಹೆಣ ಕಂಡವನಂಗೆ ಕುಂತ್ಬುಟ್ಟೆ?" ಎಂದರು ಮರಿಮಲ್ಲಪ್ಪ. ಬಿಸಿಲು ಎಂದೆ.

ಅಜ್ಜ ಚಿಕ್ಕಯ್ಯನ ಕಥೆ ನಿನಗೆ ಅರ್ಧ ಹೇಳಿದ್ದೆ. ಎರಡು ಊರಿನ ಎಲ್ಲೆಗೆ ವ್ಯಾಜ್ಯ ಬಂದು, ಊರ ಮಣ್ಣಿನ ಹಸಿ ಉಂಡೆಯನ್ನು ತಲೆ ಮೇಲೆ ಹೊತ್ತು, ಉಂಡೆಯ ಕುಳಿಯಲ್ಲಿ ನೀರು ತುಂಬಿಸಿಕೊಂಡು ಅಜ್ಜ ಎಲ್ಲೆಯುದ್ದಕ್ಕೂ ನಡೆದ. ಒಂದು ಹನಿ ಚೆಲ್ಲಲಿಲ್ಲ. ಅಷ್ಟು ಹೇಳಿ ನಿನ್ನನ್ನು ಮಲಗಿಸುತ್ತಿದ್ದೆ. ಉಳಿದರ್ಧ ಇದು. ಅವನಿಗಿಂತ ಮುಂಚೆ ಪಕ್ಕದೂರಿನವನೊಬ್ಬ ಹೊತ್ತು ನಡೆದಿದ್ದನಂತೆ. ಬೇಕೆಂದು ತಪ್ಪಿ ನಡೆದನೋ, ತಿಳಿಯದೆ ತಪ್ಪಿದನೋ, ಯಾರಿಗೂ ಗೊತ್ತಿಲ್ಲ. ಉಂಡೆ ತಲೆ ಮೇಲೇ ಬಿರಿಯಿತು. ಹದಿನೈದು ದಿನದೊಳಗೆ ಅವನ ಮನೆ ಬಿದ್ದುಹೋಯಿತು. ತಪ್ಪಿ ನಡೆದವನ ಮನೆಯೇ ಬೀಳುತ್ತದೆ ಎಂದು ಕಥೆ ಹೇಳುತ್ತದೆ ಮಗಾ. ನನ್ನ ಮನೆ ಗಟ್ಟಿಯಾಗಿ ನಿಂತಿದೆ. ಮೊನ್ನೆಯಿಂದ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ. ಒಬ್ಬ ತಪ್ಪಿ ನಡೆದದ್ದಕ್ಕೆ ಇನ್ನೊಬ್ಬರ ಮನೆ ಬೀಳುವ ಕಥೆಯನ್ನು ನಮ್ಮ ಹಿರಿಯರು ಕಟ್ಟಲಿಲ್ಲ.

ಶುಕ್ರವಾರ ನಿನ್ನ ಆಫೀಸಿಗೆ ಫೋನು ಬಂದು, ನೀನು ಹಲೋ ಹಲೋ ಎಂದರೂ ಯಾರೂ ಮಾತಾಡಲಿಲ್ಲವೇನೋ. ಅದು ಗುಂಡ್ಲುಪೇಟೆಯ ಎಸ್‌ಟಿಡಿ ಬೂತಿನಿಂದ ನಾನು. ನಿನ್ನ ದನಿ ಕೇಳಿತು. ನಿನ್ನ ದನಿಯ ಹಿಂದೆ ಆ ಪೆಟ್ಟಿಗೆಯ ಉಸಿರು ಕೇಳಿದ ಹಾಗಾಯಿತು. ಇಟ್ಟುಬಿಟ್ಟೆ.

ಫಿಲೋಮಿನಾ ಹೇಗಿದ್ದಾಳೆ, ಒಂದು ಸಾಲು ಬರೆ.

ಇತಿ ನಿನ್ನ ಅಪ್ಪ,
ಪುಟ್ಟಮಾದಯ್ಯ


ಭೀಮನಬೀಡು
29-5-1995

ಕಣ್ಣಿನ ಬೊಂಬೆಯಂಥ ಮಗಳು ನಾಗಮಣಿಗೆ ಅಪ್ಪನ ಆಶೀರ್ವಾದ.

ನಿನ್ನ ಉದ್ದದ ಕಾಗದ ಶನಿವಾರ ತಲುಪಿತು. ಕೆಲಸ ಕಾಯಂ ಆದ ಸುದ್ದಿ ಓದಿ ನಿಮ್ಮವ್ವ ಮಂಡಿನೋವು ಮರೆತು ಎದ್ದುಹೋಗಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಶಂಕರ, "ಪುಟ್ಟಮಾದಣ್ಣ, ಇವತ್ತು ನಿನ್ ಟೀಗ ಕಾಸಿಲ್ಲ, ಆ ಉಸ್ರಾಡ ಸದ್ದೊಂದ ಮಾಡ್ಬುಡು" ಎಂದ. ಮಾಡಲು ಬಾಯಿ ತೆರೆದೆ. ಬರಲಿಲ್ಲ.

ಗೋಡೆ ಈಗ ನಲವತ್ತು ಮೀಟರು ಮುಂದಕ್ಕೆ ಹೋಗಿದೆ, ಮಳೆ ಹಿಡಿಯುವ ತನಕ ಕೆಲಸ ನಡೆಯುತ್ತದೆ ಎಂದಿದ್ದೀಯ. ಗೋಡೆಯ ಬುಡದಲ್ಲಿ ಸತ್ತ ಮೀನು ಎಷ್ಟು, ಆಮೆ ಮೊಟ್ಟೆಯಿಡಲು ಬಂದವೇ ಇಲ್ಲವೇ, ಎಲ್ಲವನ್ನೂ ಎಣಿಸಿ ಬರೆಯುತ್ತೀಯ. ಈ ವರ್ಷ ಬಡಗಲ ಬದಿಗೆ ಒಂದು ಆಮೆಯೂ ಬರಲಿಲ್ಲ, ಯಾಕೋ ಗೊತ್ತಿಲ್ಲ ಎಂದಿದ್ದೀಯ. ನಮ್ಮ ಕಡೆ ಆನೆ ತಾನು ನಡೆಯುವ ದಾರಿ ಬಿಟ್ಟು ಸುತ್ತಿ ಹೋದರೆ, ಮದ್ದೂರು ಕಾಡಿನ ಸೋಲಿಗರು ಆ ದಾರಿಯಲ್ಲಿ ತಾವೂ ಕಾಲಿಡುವುದಿಲ್ಲ. ಪ್ರಾಣಿಗೆ ತಿಳಿದದ್ದಕ್ಕೆ ಪುಸ್ತಕ ಬೇಕಿಲ್ಲ.

ಹೋದ ಹುಣ್ಣಿಮೆಯ ಉಬ್ಬರಕ್ಕೆ ಫಿಲೋಮಿನಾಳ ಮನೆ ಮುಂದಿನ ತೆಂಗಿನ ಮರದ ಬೇರು ಹೊರಗೆ ಕಂಡಿತೆಂದು ಬರೆದಿದ್ದೀಯ. ಅವಳು ನಿಮ್ಮ ಆಫೀಸಿನ ಸಾಹೇಬರ ಹತ್ತಿರ ಹೋಗಿ ಕೂಗಾಡಿದಳು, ಸಾಹೇಬರು ನಿನ್ನ ಪುಸ್ತಕ ತೆಗೆದು ತೋರಿಸಿ ಕಳಿಸಿದರು, ಹೋಗುವಾಗ ನಿನ್ನನ್ನು ಒಮ್ಮೆ ನೋಡಿದಳು. "ಅವಳು ಬೈದಿದ್ದರೆ ಚೆನ್ನಾಗಿತ್ತು ಅಪ್ಪ. ಆ ನೋಟ ಯಾಕೋ ನನ್ನನ್ನು ಬಿಡುತ್ತಿಲ್ಲ" ಎಂದು ಬರೆದಿದ್ದೀಯ. ಆ ಸಾಲಿಗೆ ಬೆರಳಿಟ್ಟುಕೊಂಡು ಎರಡು ದಿನ ಕೂತಿದ್ದೇನೆ.

ನಿನ್ನೆ ಸಂಜೆ ಮದ್ದೂರು ಕಾಡಿನ ಮೇಲೆ ಮೋಡ ಕಟ್ಟಿತು. ಮಲೆಯಾಳದ ಕಡೆಯಿಂದ ಬರುವ ಮೋಡ. ಊರಿನವರೆಲ್ಲ ಹೊರಗೆ ಬಂದು ನಿಂತು ಸಂತೋಷಪಟ್ಟರು, "ಈ ಸಲ ಮುಂಗಾರು ಬೇಗ ಬತ್ತದ ಕಣ್ಲಾ" ಎಂದು ಮಾದಣ್ಣ ಬಿತ್ತನೆ ಜೋಳದ ಮಾತೆತ್ತಿದರು. ನಾನು ಒಬ್ಬನೇ ಒಳಗೆ ಬಂದೆ. ಅದು ನಮ್ಮ ತಲೆ ಮೇಲೆ ಬರುವ ಮುಂಚೆ ನಿಮ್ಮ ಕಡಲಿನ ಮೇಲೆ ಹಾದು ಬಂದ ಮೋಡ ಅಲ್ಲವೇ.

ಮೈ ಹುಷಾರು. ಮಳೆಯಲ್ಲಿ ನೆನೆಯಬೇಡ. ಮಾದಪ್ಪನ ಬೆಟ್ಟದ ವಿಭೂತಿ, ಕಪ್ಪುಧೂಳ್ತ, ಪೊಟ್ಟಣದಲ್ಲಿಟ್ಟಿದ್ದೇನೆ, ಹಣೆಗೆ ಇಟ್ಟುಕೊ. ಉಳಿದದ್ದನ್ನು ಫಿಲೋಮಿನಾಳಿಗೆ ಕೊಡು, ಅವಳು ಶಿಲುಬೆಗೆ ನಡೆದುಕೊಳ್ಳುವವಳಾದರೂ ಬೇಡವೆನ್ನುವುದಿಲ್ಲ. ನಿನ್ನ ಕಾಲು ಇಟ್ಟ ನೆಲ ಗಟ್ಟಿಯಾಗಿರಲಿ.

ಇತಿ ನಿನ್ನ ಅಪ್ಪ,
ಪುಟ್ಟಮಾದಯ್ಯ

ವಿ.ಸೂ.: ಅಂಟು ಹಚ್ಚಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿದ ಮೇಲೆ ಕೂರಬೇಡ, ಎದ್ದು ಹೋಗು.

ಹೋದ ಆಷಾಢದಲ್ಲಿ ನಿನ್ನ ಜ್ವರ ಏರಿದ್ದಾಗ, "ಇವತ್ತು ಅಳತೆ ದಿನ ಅಪ್ಪ, ನಾಲ್ಕನೆಯ ಕಲ್ಲು ನನ್ನ ಪಾಲಿನದು, ನೀನು ಹೋಗಿ ಅಳೆದು ಬಾ" ಎಂದು ನೀನು ಟೇಪನ್ನೂ ಪುಸ್ತಕವನ್ನೂ ಕೊಟ್ಟೆ. ಹೋದೆ. ಕಲ್ಲು ನಿಂತಿರಲಿಲ್ಲ. ಅಲೆಯ ನೊರೆಯಲ್ಲಿ ಮಲಗಿತ್ತು. ನೆಟ್ಟಿದ್ದ ಗುಳಿಯಲ್ಲಿ ನೀರು ಬಂದು ಹೋಗುತ್ತಿತ್ತು. ಬಿದ್ದ ಕಲ್ಲು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗುಳಿಗೆ ಕೈ ಹಾಕಿ ಇದ್ದಿಲು ಹುಡುಕಿದೆ, ಸಿಗಲಿಲ್ಲ. ಆಗ ನಮ್ಮೂರಿನ ಕ್ರಮದಂತೆ ಪುಸ್ತಕ ತೆಗೆದೆ. ನೀರಿನಿಂದ ಕಲ್ಲಿಗೆ ಹದಿನಾರು ಮೀಟರು ಎಂದಿತ್ತು. ನೀರಿನ ಅಂಚಿನಿಂದ ಹದಿನಾರು ಮೀಟರು ಅಳೆದು, ಫಿಲೋಮಿನಾಳ ಮನೆಯ ಇಬ್ಬರು ಗಂಡಸರನ್ನು ಕರೆದು ಕಲ್ಲು ಎಳೆಸಿ, ಅಲ್ಲಿ ನೆಟ್ಟೆ. ಹೊಲದ ಗಡಿ ಎಲ್ಲೂ ಹೋಗುವುದಿಲ್ಲ, ಕಲ್ಲು ಮಾತ್ರ ಬೀಳುತ್ತದೆ. ಗಡಿಯೇ ನಡೆದು ಬರುವ ಊರನ್ನು ನಾನು ಕಂಡಿರಲಿಲ್ಲ. ಆಮೇಲೆ ಅಳೆದು ನೋಡಿ, ಪುಸ್ತಕದಲ್ಲಿ ಹದಿನಾರು ಎಂದು ನಾನೇ ಬರೆದೆ. ನೆಟ್ಟವನು ಹೇಳಬಾರದೆಂಬ ಕಟ್ಟಿಗೆ ನಿನಗೂ ಹೇಳಲಿಲ್ಲ. ನಲವತ್ತು ದಿನ ಮಲಗಿ ಎದ್ದ ನೀನು ಪುಸ್ತಕದ ಅಂಕಿ ನೋಡಿದೆ, ಕಲ್ಲು ಕದಲಿದ್ದು ನಿನ್ನ ಕಣ್ಣಿಗೆ ಬೀಳಲಿಲ್ಲ.

ಫಿಲೋಮಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಣ್ಣಾ, ಕಲ್ಲಿದ್ದ ಜಾಗಕ್ಕೆ ಕಡಲು ಬಂದಿದೆ. ನೀವು ಕಲ್ಲನ್ನು ಯಾಕೆ ಎತ್ತಿಕೊಂಡು ಬರುತ್ತೀರಿ?" ಎಂದಳು. ಮಲಬಾರಿಗೆ ಮೆಣಸು ಕೊಯ್ಯಲು ಹೋಗಿ ಕಲಿತ ಮಾತಿನಲ್ಲಿ ನಾನು ದೊಡ್ಡಸ್ತಿಕೆಯಿಂದ ಹೇಳಿದೆ: "ಕಲ್ಲಿನ ವಿಷಯ ನಮ್ಮ ಮನೆತನದ್ದು ತಾಯಿ, ನೀನು ಮೀನಿನ ವಿಷಯ ನೋಡಿಕೊ." ಅವಳು ನಕ್ಕಳು. ಕಲ್ಲಿನಡಿಗೆ ಹಾಕಲು ಇದ್ದಿಲು ಕೇಳಿದ್ದಕ್ಕೆ ತನ್ನ ಒಲೆಯಿಂದ ತೆಂಗಿನ ಚಿಪ್ಪಿನ ತುಂಬ ತಂದುಕೊಟ್ಟಳು. ಇಷ್ಟು ದಿನ ಅವಳು ಇದನ್ನು ಸಾಹೇಬರಿಗೆ ಹೇಳಿಲ್ಲ, ನಿನಗೂ ಬಾಯಿ ಬಿಟ್ಟು ಹೇಳಲಿಲ್ಲ. ನಿನ್ನಪ್ಪನನ್ನು ಕೇಳು ಎಂದಷ್ಟೇ ಅಂದಳು. ನನ್ನ ಮಾನ ನಾನೇ ಉಳಿಸಿಕೊಳ್ಳಲಿ ಎಂದು ಬಿಟ್ಟಿದ್ದಳು ಮಗಾ. ನಾನು ಉಳಿಸಿಕೊಳ್ಳಲಿಲ್ಲ.

ಶಂಕರನ ಅಂಗಡಿಯಲ್ಲಿ ನಿನ್ನ ಕಾಗದ ಓದುವಾಗಲೇ ನನಗೆ ಎಲ್ಲ ತಿಳಿದುಹೋಯಿತು. ಅವತ್ತು ಮಾರ್ಚಿ ತಿಂಗಳು. ಬರೆದಿದ್ದರೆ ಒಂದು ಬಂಡೆಯೂ ಬೀಳುತ್ತಿರಲಿಲ್ಲ. ಮೊದಲು ಮಗಳ ಕೆಲಸ ಕಾಯಂ ಆಗಲಿ, ಆಮೇಲೆ ಹೇಳೋಣ ಎಂದು ಕಾದೆ. ಕಲ್ಲು ನೆಟ್ಟಾಗ ನನಗೆ ತಿಳಿದಿರಲಿಲ್ಲ. ಬಾಯಿ ಮುಚ್ಚಿಕೊಂಡಾಗ ತಿಳಿದಿತ್ತು.

ಮೊದಲು ಅವಳ ಮನೆಯ ಸಾಮಾನು ಎತ್ತಿಸು, ಮಕ್ಕಳನ್ನು ಹೊರಡಿಸು. ಆಮೇಲೆ ಸಾಹೇಬರ ಹತ್ತಿರ ಹೋಗು. ತಪ್ಪು ಮಾಡಿದವನ ಹೆಸರು ಪುಟ್ಟಮಾದಯ್ಯ ಎಂದು ಬರೆ, ಬೇರೆ ಹೆಸರು ಬರೆಯಬೇಡ. ನಂಬದಿದ್ದರೆ ನಾಲ್ಕನೆಯ ಕಲ್ಲಿನಡಿ ಎರಡು ಮೊಳ ಅಗೆಸು. ಇದ್ದಿಲು ಇದೆ, ತೆಂಗಿನ ಚಿಪ್ಪೂ ಇದೆ. ಕಲ್ಲನ್ನು ಕಿತ್ತು ಹಾಕು, ತಿರುಗಿ ನೆಡಬೇಡ. ಅದು ಮೊದಲು ಇದ್ದ ಜಾಗ ಅಲ್ಲಿಂದ ಕಡಲ ಕಡೆಗೆ ಇಪ್ಪತ್ತೆರಡು ಹೆಜ್ಜೆ. ಮಳೆ ಹಿಡಿದಿದ್ದರೆ ಈಗ ಅಲ್ಲಿ ನಿನ್ನ ಕಾಲಿಗೆ ನೆಲ ಸಿಗುವುದಿಲ್ಲ, ಇಳಿಯಬೇಡ. ಕಿತ್ತ ಕಲ್ಲಿನ ಗುಳಿಯಲ್ಲೇ ನಿಂತು, ಕಡಲಿಗೆ ಬೆನ್ನು ಮಾಡಿ ಅವಳ ಹೊಸಿಲಿಗೆ ಎಷ್ಟು ಹೆಜ್ಜೆ ಉಳಿದಿದೆ ಎಂದು ನಡೆದು ನೋಡು.

ಕಲ್ಲು ನೆಟ್ಟು ಇದ್ದಿಲಿನ ಕೈ ತೊಳೆಯಲು ಅವಳ ಬಾಗಿಲಿಗೆ ಹೋಗುವಾಗ ನಾನು ಎಣಿಸಿದ್ದೆ. ಒಂಬತ್ತು.